ಬೇಬಿಯ ಕಡೆಯಿಂದ ಬರುವ ದನಿಗಳು

ಕಾಪುವಿನ ಮೀನು ಮಾರುಕಟ್ಟೆಯಲ್ಲಿ ಸುಗಂಧಿಯಕ್ಕನನ್ನು ಕಂಡವರು ಮೊದಲು ಗಮನಿಸುವುದು ಅವಳ ಕತ್ತನ್ನು. ತಲೆ ತಗ್ಗಿಸಿ ಮೀನು ಕತ್ತರಿಸುತ್ತಿರುವಾಗ ಯಾರು ಯಾವ ದಿಕ್ಕಿನಿಂದ ಕರೆದರೂ ಅದು ಬಲಕ್ಕೇ ತಿರುಗುತ್ತದೆ. ಅಲ್ಲಿ ಮೀನು ಮಾರುತ್ತ ಕುಳಿತ ಬೇಬಿಯನ್ನು ಒಮ್ಮೆ ಸುಡುವಂತೆ ನೋಡಿ, ಆಮೇಲೆ ಕರೆದವರನ್ನು ಹುಡುಕಲು ಹೊರಡುತ್ತದೆ. ಎತ್ತಿ ಸಿಕ್ಕಿಸಿದ ಸೀರೆ, ಅದರ ಮೇಲೆ ಗಂಡ ದೇವದಾಸನ ಹಳೆಯ ತುಂಬುತೋಳಿನ ಅಂಗಿ, ಪ್ರತಿ ಮಾತಿನ ಕೊನೆಗೊಂದು 'ಅಲ್ವಾ?'. ಉತ್ತರಕ್ಕೆ ಅವಳೆಂದೂ ಕಾದವಳಲ್ಲ.

ಅತ್ತೆಯಿಂದ ಸೊಸೆಗೆ ಬಂದ ಜಾಗ ಅದು. ಎಡಗಡೆ ಮಾರುಕಟ್ಟೆಯ ಬಾಗಿಲು, ಬಲಗಡೆ ಬೇಬಿ, ಅವಳಾಚೆ ಒಂದು ಕಂಬ. ಬೇಬಿಯದೂ ಅವಳ ಅತ್ತೆಯ ಜಾಗವೇ. ಇಬ್ಬರಿಗೂ ಒಂದೇ ಪೆಟ್ಟಿಗೆಯ ಮಂಜುಗಡ್ಡೆ, ಒಂದೇ ಚೀಲದ ಎಲೆಯಡಿಕೆ. ಗಿರಾಕಿ ಇನ್ನೊಬ್ಬಳ ಬುಟ್ಟಿ ನೋಡಿ ಕ್ರಯ ಕೇಳಿದಾಗ ತಾನು ಬಾಯಿ ಹಾಕಬಾರದೆಂಬುದು ಅಲ್ಲಿಯ ಅಲಿಖಿತ ಶಾಸನ. ವ್ಯಾಪಾರ ಇಳಿದ ದಿನ ಉಳಿದವರು ಅದನ್ನು ಮೆಲ್ಲಗೆ ಮರೆಯುತ್ತಿದ್ದರು. ಸುಗಂಧಿಯಕ್ಕ ಮಾತ್ರ ಪ್ರಾಣ ಹೋದರೂ ಮರೆಯುವವಳಲ್ಲ.

ಒಂದು ಮಳೆಗಾಲದಲ್ಲಿ ಅವಳಿಗೆ ಜ್ವರ ಬಂದು ಬಿಟ್ಟಿತು. ಬಿಡುವಾಗ ಎಡಗಿವಿಯನ್ನೂ ಕೊಂಡೊಯ್ದಿತು. ಕಿವಿಯಲ್ಲಿ ಗುಗ್ಗೆ ಕಟ್ಟಿರಬೇಕೆಂದು ಅವಳು ಬಿಸಿ ಎಣ್ಣೆ ಬಿಟ್ಟುಕೊಂಡಳು, ಒಂದು ಕಿವಿ ಸಾಕಲ್ಲ ಎಂದುಕೊಂಡಳು. ಆದರೆ ಅಂದಿನಿಂದ ಲೋಕವೆಲ್ಲ ಬೇಬಿಯನ್ನೇ ಕರೆಯತೊಡಗಿತು. 'ಬಂಗುಡೆ ಹೇಗಕ್ಕ?' ಎಂಬ ದನಿ ಬಲಗಡೆಯಿಂದ, 'ಬೂತಾಯಿ ತಾಜಾ ಉಂಟಾ?' ಎಂಬುದೂ ಬಲಗಡೆಯಿಂದ. ಕೇಳಿದ್ದು ಬೇಬಿಯನ್ನು ಎಂದುಕೊಂಡು ಸುಗಂಧಿಯಕ್ಕ ಶಾಸನಬದ್ಧಳಾಗಿ ತುಟಿ ಬಿಗಿದು ಕೂರುವಳು. ಅವಳೆದುರೇ ನಿಂತ ಗಿರಾಕಿ ಒಂದು ಕ್ಷಣ ಕಾದು, ಈ ಹೆಂಗಸಿಗೆ ಎಂತ ಗರ್ವ ಎಂದುಕೊಂಡು, ಬೇಬಿಯ ಬುಟ್ಟಿಗೆ ಸರಿಯುವನು.

ಮತ್ಸರಕ್ಕೆ ಕಾರಣ ಸಿಗದಿದ್ದರೆ ಅದು ತಾನೇ ಹುಟ್ಟಿಸಿಕೊಳ್ಳುತ್ತದೆ. ಬೇಬಿ ಆಗಷ್ಟೇ ಹೊಸ ಮೂಗುಬೊಟ್ಟು ಹಾಕಿಸಿಕೊಂಡಿದ್ದಳು. ಅದರ ಹೊಳಪೇ ಗಿರಾಕಿಗಳನ್ನು ಎಳೆಯುತ್ತಿದೆಯೆಂದು ಸುಗಂಧಿಯಕ್ಕ ತೀರ್ಮಾನಿಸಿದಳು. ತನ್ನ ಮಂಜುಗಡ್ಡೆ ಬೇರೆ ಮಾಡಿದಳು, ಎಲೆಯಡಿಕೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿದಳು. ಒಂದು ಸಂಜೆ ದೇವದಾಸ ಬಾಗಿಲಲ್ಲಿ ರಿಕ್ಷಾ ನಿಲ್ಲಿಸಿ "ಹೋಗುವಾ?" ಎಂದದ್ದೂ ಬೇಬಿಯ ಪಕ್ಕದಿಂದಲೇ ಕೇಳಿಸಿಬಿಟ್ಟಿತು. ಅವನು ಕರೆದದ್ದು ಬೇಬಿಯನ್ನೇ ಎಂದುಕೊಂಡಳು. ಏನೊಂದೂ ತಿಳಿಯದ ಆ ಪಾಪದ ಮನುಷ್ಯ ವಾರವಿಡೀ ಉಪ್ಪಿಲ್ಲದ ಸಾರು ಉಂಡನು.

ಗುಟ್ಟು ರಟ್ಟಾದದ್ದು ಒಂದು ಕೊಡ ನೀರಿನಿಂದ. ಬಾಗಿಲಾಚೆಯ ನಳ್ಳಿಯಿಂದ ತುಂಬಿದ ಕೊಡಪಾನ ಹೊತ್ತು ಬರುತ್ತಿದ್ದ ಬೇಬಿ, "ಸುಗಂಧಿಯಕ್ಕ, ಒಂದು ಕೈ ಹಿಡಿ ಮಾರಾಯ್ತಿ" ಎಂದು ಎಡಗಡೆಯಿಂದ ಕೂಗಿದಳು. ಸುಗಂಧಿಯಕ್ಕ ಗರ್ರನೆ ಬಲಕ್ಕೆ ತಿರುಗಿ, "ನನ್ನ ಗಿರಾಕಿಗಳನ್ನು ಹಿಡಿದದ್ದು ಸಾಲದಾ? ಈಗ ನಿನ್ನ ಕೊಡಪಾನ ಬೇರೆ ನಾನು ಹಿಡಿಯಬೇಕಾ?" ಎಂದು ಬೇಬಿಯ ಖಾಲಿ ಮಣೆಗೆ ಬೈದಳು. ಮಾರುಕಟ್ಟೆಯೇ ನಕ್ಕಿತು. ಬೇಬಿ ನಗಲಿಲ್ಲ. ಮರುದಿನ ಬೋಟು ಕಡಲಿಗಿಳಿಯದೆ ವ್ಯಾಪಾರವಿರಲಿಲ್ಲ; ಅಂದೇ ಸುಗಂಧಿಯಕ್ಕನನ್ನು ಒತ್ತಾಯದಿಂದ ಬಸ್ಸು ಹತ್ತಿಸಿ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ದಳು.

ಅಲ್ಲಿ ಕಿವಿ ಪರೀಕ್ಷಿಸುವ ಆಶ್ಲಿ ಎಂಬ ಹುಡುಗಿ ಸುತ್ತಲೂ ಸ್ಪೀಕರುಗಳಿದ್ದ ಕೋಣೆಯಲ್ಲಿ ಅವಳನ್ನು ಕಣ್ಣು ಮುಚ್ಚಿ ಕೂರಿಸಿ, ಶಬ್ದ ಬಂದ ಕಡೆಗೆ ಬೆರಳು ತೋರಿಸಲು ಹೇಳಿದಳು. ಬೆರಳು ಪ್ರತಿ ಸಲವೂ ಬಲಕ್ಕೇ ಹೋಯಿತು.

"ಶಬ್ದ ಹತ್ತಿರದ ಕಿವಿಗೆ ಒಂದು ಚೂರು ಬೇಗ ಮುಟ್ಟುತ್ತದೆ ಅಮ್ಮ, ಸ್ವಲ್ಪ ಜೋರಾಗಿಯೂ ಕೇಳುತ್ತದೆ. ಎರಡು ಕಿವಿ ಹೇಳಿದ್ದನ್ನು ತಾಳೆ ನೋಡಿ ಮಿದುಳು ದಿಕ್ಕು ಗೊತ್ತುಮಾಡುತ್ತದೆ. ನಿಮ್ಮಲ್ಲಿ ಸಾಕ್ಷಿ ಹೇಳುವುದು ಒಂದೇ ಕಿವಿ. ಹಾಗಾಗಿ ಎಲ್ಲವೂ ಅದರ ಕಡೆಯಿಂದಲೇ ಬಂದ ಹಾಗೆ ಕೇಳುವುದು."

"ಹಾಗಾದರೆ ಅವರೆಲ್ಲ ಕೇಳಿದ್ದು ನನ್ನನ್ನೇನಾ?" ಎಂದಳು ಸುಗಂಧಿಯಕ್ಕ. ಎಡಗಿವಿಗೆ ಮದ್ದು ಮಾಡುವ ಕಾಲ ಮೀರಿ ಹೋಗಿತ್ತು.

ತಿಳಿದರೆ ಮತ್ಸರ ಅಳಿಯುತ್ತದೆಂದು ಬಲ್ಲವರು ಹೇಳುವುದುಂಟು. ಅವರಿಗೆ ಸುಗಂಧಿಯಕ್ಕನ ಪರಿಚಯವಿರಲಿಕ್ಕಿಲ್ಲ. ಬುದ್ಧಿಗೆ ಎಲ್ಲ ಗೊತ್ತಾಯಿತು, ಗಿರಾಕಿಗಳಿಗೆ ಉತ್ತರವೂ ಸಿಗತೊಡಗಿತು, ಎಲೆಯಡಿಕೆ ಮತ್ತೆ ಒಂದೇ ಚೀಲ ಸೇರಿತು. ಆದರೆ ಕಿವಿ ತನ್ನ ಚಾಡಿ ನಿಲ್ಲಿಸಲಿಲ್ಲ. ಪ್ರತಿ ಕರೆಯೂ ಮೊದಲು ಬೇಬಿಯನ್ನೇ ಮುಟ್ಟಿ ಬರುತ್ತದೆ, ಪ್ರತಿ ಸಲವೂ ಹೊಟ್ಟೆ ಒಮ್ಮೆ ಚುರ್ರೆನ್ನುತ್ತದೆ.

ಕೊನೆಗೆ ಬೇಬಿಯೇ, ಆ ಮಾರುಕಟ್ಟೆಯಲ್ಲಿ ಯಾರೂ ಆಡದ ಮಾತನ್ನು ಆಡಿದಳು. "ನನ್ನ ಜಾಗದಲ್ಲಿ ನೀನು ಕೂತುಕೋ ಸುಗಂಧಿಯಕ್ಕ, ನಿನ್ನದರಲ್ಲಿ ನಾನು ಕೂರುತ್ತೇನೆ. ಆಗ ನಿನ್ನ ಬಲಗಡೆ ಬರೀ ಕಂಬ ಉಂಟು. ಕಂಬದ ಮೇಲೆ ಎಂತ ಹೊಟ್ಟೆಕಿಚ್ಚು?"

ಸುಗಂಧಿಯಕ್ಕ ಕೈಯಲ್ಲಿದ್ದ ಮೀನನ್ನು ಕತ್ತರಿಸಿ ಮುಗಿಸಿದಳು.

"ಬೇಡ. ನೀನು ಎಡಗಡೆ ಕೂತರೆ ಈ ಗದ್ದಲದಲ್ಲಿ ನಿನ್ನ ಒಂದು ಮಾತೂ ನನಗೆ ಕೇಳುವುದಿಲ್ಲ. ಹೊಟ್ಟೆ ಉರಿದರೆ ಉರಿಯಲಿ, ನೀನು ಈಚೆಯೇ ಇರು."

ಕರುಬುವವರನ್ನು ನಾವು ಸಣ್ಣ ಮನಸ್ಸಿನವರೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುತ್ತೇವೆ. ದೂರದವರ ಸಿರಿ ಕಂಡು ಕುದಿಯುವವರಿಗೆ ಆ ಮಾತು ಒಪ್ಪೀತು. ಸುಗಂಧಿಯಕ್ಕನಂಥವರಿಗೆ ಅಂಥ ಐಶ್ವರ್ಯ ಕಂಡರೂ ಏನೂ ಅನಿಸುವುದಿಲ್ಲ. ಯಾರ ದನಿಯಿಲ್ಲದೆ ತಮಗೆ ಹೊತ್ತು ಹೋಗದೋ ಅವರ ಮೇಲೆ ಮಾತ್ರ ಇವರ ಮತ್ಸರ. ಅದನ್ನು ನಂದಿಸಿಕೊಳ್ಳಲು ಒಂದು ಮಣೆಯಷ್ಟು ಸರಿದರೆ ಸಾಕೆಂದು ಗೊತ್ತಿದ್ದೂ ಇವರು ಸರಿಯುವುದಿಲ್ಲ.