ಕಸ್ತೂರಮ್ಮನ ಬೆನ್ನಿಗೊಂದು ಗೂಡು

"ಹಗ್ಗ ಬಿಡಪ್ಪಾ!"

ಕಲ್ಪನಾ ಅಪ್ಪ ಬಸವರಾಜಪ್ಪನ ಕೈಯಿಂದ ಹಗ್ಗ ಕಿತ್ತು ಅಂಗಳಕ್ಕೆಸೆದಳು. ಪಡಸಾಲೆಯ ಗೋಡೆಗೆ ಒರಗಿಸಿದ್ದ ಸೋದರತ್ತೆ ಕಸ್ತೂರಮ್ಮನ ಹೆಣ, ಬದುಕಿದ್ದಾಗಿನಂತೆಯೇ ಬಿಲ್ಲಾಗಿ ಬಾಗಿತ್ತು. ಹಿಂದೆ ಹಲಗೆ ಕೊಟ್ಟು, ಎದೆಗೆ ಹಗ್ಗ ಬಿಗಿದು ಅಕ್ಕನನ್ನು ನೆಟ್ಟಗೆ ಮಾಡಬೇಕೆಂಬುದು ಬಸವರಾಜಪ್ಪನ ಹಟ.

"ನಮ್ಮಲ್ಲಿ ಕೂರ್ಸೇ ಮಣ್ಣು ಮಾಡೋದು. ಹಿಂಗೆ ಬಗ್ಗಿದ್ರೆ ಗೂಡೊಳಗೆ ಕೂರಾಕಿಲ್ಲ. ಹನುಮಣ್ಣ ಗುಂಡೀನ ಎಲ್ಲರಿಗೂ ತೋಡೋ ಹಂಗೇ ತೋಡ್ಯಾನೆ."

"ಮೂಳೆಯೆಲ್ಲ ಬೆಸೆದು ಒಂದಾಗೈತೆ. ಜಗ್ಗಿದ್ರೆ ಮುರೀತೈತೆ."

"ಸತ್ತೋರಿಗೆ ನೋವೇನೈತೆ ತಾಯಿ?" ಎಂದಳು ಪಕ್ಕದ ಮನೆಯ ಮೂಕಮ್ಮ.

"ನನಗೈತೆ!"

ಕಲ್ಪನಾಳದ್ದೂ ಅದೇ ಬೆನ್ನು. ಹದಿನೈದಕ್ಕೆ ಬಾಗಲು ಶುರುವಾದದ್ದು ಮೂವತ್ತೈದಕ್ಕೆ ಅತ್ತೆಯಷ್ಟೇ ಬಾಗಿತ್ತು.

*

ಆ ಹದಿನೈದರಲ್ಲಿ ಅವಳನ್ನು ದಾವಣಗೆರೆಗೆ ಕರೆದೊಯ್ದವಳು ಅತ್ತೆಯೇ. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದರು. "ಇದು ವಂಶದಲ್ಲಿ ಬಂದಿದ್ದು. ಶಾಪ ಅಲ್ಲ."

"ಗೊತ್ತು ಬಿಡ್ರಿ. ನಮ್ಮಪ್ಪ ಹೊಲ ತಮ್ಮಂಗೆ ಬರೆದ, ಬೆನ್ನು ನನಗೆ ಬರೆದ," ಎಂದು ಕಸ್ತೂರಮ್ಮ ಗಹಗಹಿಸಿದಳು.

ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿಗೆ ಅಳು ತಡೆಯಲಿಲ್ಲ.

"ಅಳ್ತೀಯೇನೆ? ಸಂತೇಬೆನ್ನೂರು ಸಂತೇಲಿ ಇಷ್ಟು ವರ್ಷ ಮೆಣಸಿನಕಾಯಿ ಕರಿದೀನಿ. ಕಾಲು ನೋಡೇ ಹೇಳ್ತೀನಿ, ಯಾವನು ಕುಡಿದು ಬಂದಾನೆ ಅಂತ. ನನ್ ಮುಖ ನೋಡ್ಬೇಕು ಅಂದ್ರೆ ಗೌಡನಾದ್ರೂ ಬಗ್ಗಬೇಕು, ತಿಳ್ಕೋ."

*

ಕಲ್ಪನಾ ಸೀದಾ ರುದ್ರಭೂಮಿಗೆ ನಡೆದಳು. ಹಿಂದೆಯೇ ಬೈಯುತ್ತ ಅಪ್ಪ. ಗುಂಡಿಗೆ ಇಳಿಬಿಟ್ಟಿದ್ದ ಏಣಿ ಇಳಿದು, ಹೆಣ ಕೂರಿಸಲು ಗೋಡೆಯಲ್ಲಿ ಕೊರೆದಿದ್ದ ಗೂಡಿನೊಳಗೆ ಪದ್ಮಾಸನ ಹಾಕಿ ಕೂತೇಬಿಟ್ಟಳು.

ಹನುಮಣ್ಣನ ಕೈಯಿಂದ ಗುದ್ದಲಿ ಜಾರಿತು. "ಅಯ್ಯೋ! ಬದುಕಿರೋರು ಅಲ್ಲಿ ಕೂರಬಾರ್ದು ಕಣವ್ವ!"

"ಅತ್ತೇದೂ ಇದೇ ಬೆನ್ನು, ಅಳತೆ ತಗೋ. ಇಲ್ನೋಡು, ಇಲ್ಲಿ ತಾಗ್ತೈತೆ. ತಲೆ ಹೊರಗೆ ಬಂತು. ಹಿಂದಕ್ಕೆ ಒಂದು ಗೇಣು ಕೆತ್ತು."

ಹನುಮಣ್ಣ ಬಸವರಾಜಪ್ಪನ ಮುಖ ನೋಡಿದ. ಬಸವರಾಜಪ್ಪ ಹೆಣದಂತೆ ಕೂತ ಮಗಳನ್ನು ನೋಡಿದ. ಆಮೇಲೆ ಪಂಚೆ ಎತ್ತಿ ಕಟ್ಟಿ ಕೆಳಗಿಳಿದ.

"ಏಳವ್ವ. ಗುದ್ದಲಿ ಕೊಡೋ ಹನುಮಣ್ಣ, ನಾನೇ ಕೆತ್ತತೀನಿ."

ಅಪ್ಪ ಕೆತ್ತಿದ, ಮಗಳು ಕೂತಳು. "ಸಾಲ್ದು." ಮತ್ತೆ ಕೆತ್ತಿದ, ಮತ್ತೆ ಕೂತಳು. ನಾಲ್ಕನೇ ಸಲಕ್ಕೆ ಬೆನ್ನು ಮಣ್ಣಿನ ಮಡಿಲಿಗೆ ಸೇರಿಕೊಂಡಿತು.

ಮಧ್ಯಾಹ್ನ ಕಸ್ತೂರಮ್ಮನನ್ನು ಇಳಿಸಿದಾಗ ಹಗ್ಗ ಬೇಕಾಗಲಿಲ್ಲ, ಹಲಗೆ ಬೇಕಾಗಲಿಲ್ಲ. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಅವಳ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಎಲ್ಲ ಹೆಣಗಳಿಗೂ ಮಾಡುವಂತೆ ದೃಷ್ಟಿ ಅದರ ಮೇಲೆ ಬೀಳಲೆಂದು ತಲೆ ಬಗ್ಗಿಸಲು ಕೈ ಚಾಚಿದರು. ಚಾಚಿದ ಕೈ ಹಾಗೇ ಹಿಂದಕ್ಕೆ ಬಂತು.

ಕಸ್ತೂರಮ್ಮ ಆಗಲೇ ಲಿಂಗವನ್ನು ನೋಡುತ್ತಿದ್ದಳು.