ಹೊಸ ಸೀಸೆಯ ಕಂದು ಬಣ್ಣ

ನನ್ನ ನಾದಿನಿಗೆ ನಾವು ಮನೆಯಲ್ಲಿ ಇಟ್ಟ ಹೆಸರು ಅನುಮಾನದಮ್ಮ. ಹಾಲಿನ ಲೋಟ ಕೊಟ್ಟರೆ ಎರಡು ಸಲ ಮೂಸಿಯೇ ಕುಡಿಯುವುದು. ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ವಾಪಸ್ ಬಂದು ಎಳೆದು ನೋಡುವುದು. ಇವಳನ್ನು ಕಟ್ಟಿಕೊಳ್ಳುವವನು ದಿನಾ ಊಟಕ್ಕೆ ಮುಂಚೆ ಗುರುತಿನ ಚೀಟಿ ತೋರಿಸಬೇಕಾಗುತ್ತದೆ ಎಂದು ಅವಳ ಅಣ್ಣ, ಅಂದರೆ ನನ್ನ ಗಂಡ, ರೇಗಿಸುತ್ತಿರುತ್ತಾರೆ. ನಾನು ಕೊಟ್ಟ ಹಾಲನ್ನು ಮಾತ್ರ ಅವಳು ಮೂಸದೆ ಕುಡಿಯುತ್ತಿದ್ದಳು. ಅದೊಂದು ಹೆಮ್ಮೆ ನನಗೆ. ಗಂಡನ ಮುಂದೆ ಆಗಾಗ ಹೇಳಿಕೊಂಡದ್ದೂ ಉಂಟು.

ನಾವಿಬ್ಬರೂ ಕೆಲಸ ಮಾಡುವುದು ಒಂದೇ ಕ್ಯಾನ್ಸರ್ ಸಂಶೋಧನಾಲಯದಲ್ಲಿ. ಅವಳು ಡಾಕ್ಟರೇಟಿಗೆ ಪ್ರಬಂಧ ಬರೆಯುವವಳು, ನಾನು ಕೋಶಗಳನ್ನು ಅಂಟಿಸಿದ ಗಾಜಿನ ಸ್ಲೈಡುಗಳಿಗೆ ಬಣ್ಣ ಹಾಕುವ ಟೆಕ್ನಿಷಿಯನ್. ನಾನು ಸೇರಿ ಹದಿನಾಲ್ಕು ವರ್ಷ ಆಯಿತು. ಕೆಲವು ಕ್ಯಾನ್ಸರ್ ಕೋಶಗಳಲ್ಲಿ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕ ಎಂಬುದಿರುತ್ತದೆ. ಅದಿದ್ದರೆ ಹಾರ್ಮೋನು ತಡೆಯುವ ಮಾತ್ರೆ ಕೆಲಸ ಮಾಡೀತು, ಇಲ್ಲದಿದ್ದರೆ ಇಲ್ಲ. ಅದನ್ನು ಹುಡುಕಿಕೊಡುವುದು ಸೀಸೆಯಲ್ಲಿ ಬರುವ ಆಂಟಿಬಾಡಿ ಎಂಬ ದ್ರವ. ಒಂದು ಹನಿ ಬಿಟ್ಟರೆ ಹೋಗಿ ಗ್ರಾಹಕಕ್ಕೇ ಅಂಟಿಕೊಳ್ಳುತ್ತದೆ, ಆಮೇಲೆ ಬಣ್ಣ ಹಾಕಿದಾಗ ಅಷ್ಟು ಜಾಗ ಕಂದಾಗುತ್ತದೆ. ಅಂಟಬಾರದ ಕಡೆ ಅಂಟಿಲ್ಲವೆಂದು ತಿಳಿಯಲು, ಗ್ರಾಹಕವೇ ಇಲ್ಲದ ಕೋಶಗಳ ಸ್ಲೈಡೊಂದನ್ನು ಪ್ರತಿ ಸಲವೂ ಜೊತೆಗಿಡಬೇಕು. ಅದನ್ನು ನಾವು ಸಾಕ್ಷಿ ಸ್ಲೈಡ್ ಎನ್ನುತ್ತೇವೆ. ಸಾಕ್ಷಿ ಕಂದಾಗಬಾರದು.

ನಾದಿನಿ ಕಂಡುಹಿಡಿದದ್ದು ಸಣ್ಣ ವಿಷಯವಲ್ಲ. ಗ್ರಾಹಕ ಕಳೆದುಕೊಂಡ ಕೋಶಗಳಿಗೆ ಅವಳು ಒಂದು ಔಷಧಿ ಕೊಟ್ಟಿದ್ದಳು. ಕೊಡುವ ಮುಂಚಿನ ಸ್ಲೈಡುಗಳಲ್ಲಿ ಬಣ್ಣವಿಲ್ಲ, ಕೊಟ್ಟ ಮೇಲಿನವುಗಳಲ್ಲಿ ಕಂದು. ಹೋದ ಗ್ರಾಹಕ ಮರಳಿ ಬಂದಿದೆ, ಅಂದರೆ ಇನ್ನು ಆ ಮಾತ್ರೆಯೂ ಕೆಲಸ ಮಾಡೀತು! ಪ್ರಬಂಧದ ಮೂರನೇ ಅಧ್ಯಾಯವೆಲ್ಲ ಅದೇ, ಶುಕ್ರವಾರ ಪರೀಕ್ಷಕರ ಮುಂದೆ ಹೇಳಬೇಕಾದದ್ದೂ ಅದೇ.

ಬುಧವಾರ ಅವಳು ನನ್ನ ಕೋಣೆಗೆ ಬಂದಳು. "ಅತ್ತಿಗೆ, ಪರದೆ ಮೇಲೆ ತೋರಿಸೋಕೆ ಇನ್ನೊಂದು ಚೆಂದದ ಸ್ಲೈಡ್ ಮಾಡ್ಕೊಡಿ."

"ಮದುವೆ ಫೋಟೋಗೂ ಇಷ್ಟು ಮುತುವರ್ಜಿ ವಹಿಸಲ್ಲ ನೀನು," ಎಂದೆ. ಅವಳು ನಾಚಿದಳು. ಗಂಡಿನ ಹೆಸರೆತ್ತಿದರೂ ಅಷ್ಟು ನಾಚದವಳು.

ಫ್ರೀಜರಿನಲ್ಲಿ ಕೈಯಾಡಿಸುವಾಗ ಹಳೆಯ ಡಬ್ಬಿಯೊಂದರಲ್ಲಿ ನಾಲ್ಕು ಸಾಕ್ಷಿ ಸ್ಲೈಡ್ ಸಿಕ್ಕವು. ಎಂಟು ತಿಂಗಳಿಂದ ನಾನು ಸಾಕ್ಷಿ ಇಟ್ಟಿರಲಿಲ್ಲ. ಮುಗಿದಿದ್ದವು, ಹೊಸದು ಮಾಡಿಕೊಳ್ಳಲು ಸೋಮಾರಿತನ. ಹದಿನಾಲ್ಕು ವರ್ಷ ಪಳಗಿದ ಕೈಗೆ ಯಾವ ಸಾಕ್ಷಿ ಎಂಬ ಜಂಭ ಬೇರೆ. ಸಿಕ್ಕಿತಲ್ಲ ಎಂದು ಒಂದನ್ನು ಜೊತೆಗಿಟ್ಟೆ.

ಅದು ಕಂದಾಯಿತು. ಇನ್ನೊಂದನ್ನು ಹಾಕಿದೆ, ಅದೂ ಕಂದು.

ರಿಜಿಸ್ಟರ್ ತೆಗೆದೆ. ಔಷಧಿಗೆ ಮುಂಚಿನ ಸ್ಲೈಡುಗಳಿಗೆಲ್ಲ ಹಳೆಯ ಸೀಸೆಯ ಆಂಟಿಬಾಡಿ, ಆಮೇಲಿನವುಗಳಿಗೆಲ್ಲ ಹೊಸ ಸೀಸೆಯದು. ಒಂದೇ ಹೆಸರು, ಒಂದೇ ಲೇಬಲ್, ತಯಾರಾದ ಬ್ಯಾಚು ಮಾತ್ರ ಬೇರೆ. ಹೊಸದು ಸಿಕ್ಕಸಿಕ್ಕಲ್ಲಿ ಅಂಟಿಕೊಳ್ಳುವ ಜಾತಿಯದು. ಬಣ್ಣ ಎಷ್ಟು ಚೆನ್ನಾಗಿ ಬರುತ್ತಿದೆ ಎಂದು ನಾನು ಬೆನ್ನು ತಟ್ಟಿಕೊಂಡದ್ದು ಇದಕ್ಕೇ.

ಸುಳ್ಳು ಯಾಕೆ ಹೇಳಲಿ, ಆ ಎರಡು ಗಾಜುಗಳನ್ನು ಸಿಂಕಿನ ಮೇಲೆ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದೆ. ಕೈ ಜಾರಿತು ಎಂದರೆ ಯಾರೂ ಕೇಳುವವರಿಲ್ಲ. ಶುಕ್ರವಾರ ಕಳೆದರೆ ಹುಡುಗಿ ಡಾಕ್ಟರ್. ಆದರೆ ಅವಳ ಮಾತು ನಂಬಿ ಮುಂದೆ ಯಾರಾದರೂ ಯಾವ ರೋಗಿಗಾದರೂ ಆ ಮಾತ್ರೆ ಕೊಟ್ಟುಬಿಟ್ಟರೆ? ಗಾಜುಗಳನ್ನು ಟ್ರೇಯಲ್ಲಿಟ್ಟುಕೊಂಡು ಅವಳ ಮೇಜಿಗೆ ಹೋಗಿ ಎಲ್ಲವನ್ನೂ ಹೇಳಿದೆ.

ಅವಳು ಸೂಕ್ಷ್ಮದರ್ಶಕದಿಂದ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಹಳೇ ಸೀಸೆ ಇದೆಯಾ?"

ತಳದಲ್ಲಿ ಚೂರು ಉಳಿದಿತ್ತು. ನಾನು ಏನನ್ನೂ ಎಸೆಯುವವಳಲ್ಲ. ಔಷಧಿ ಕೊಟ್ಟ ಕೋಶಗಳ ಮೇಲೂ, ಗ್ರಾಹಕವಿರುವ ಬೇರೆ ಕೋಶಗಳ ಮೇಲೂ ಅದನ್ನು ಬಿಟ್ಟೆವು. ಸಂಜೆಗೆ ನೋಡಿದರೆ ಗ್ರಾಹಕವಿದ್ದವು ಕಂದಾಗಿದ್ದವು, ಔಷಧಿ ಕೊಟ್ಟವುಗಳಲ್ಲಿ ಕಂದು ಎಂಬುದು ಹೆಸರಿಗೂ ಇಲ್ಲ. ಏನೂ ಮರಳಿ ಬಂದಿರಲಿಲ್ಲ.

"ಗ್ಯಾಸಿನ ಗುಂಡಿ ಮೂರು ಸಲ ತಿರುಗಿಸಿ ನೋಡೋಳು ನೀನು," ಎಂದೆ. ನನಗೆ ಅಳು ಬರುತ್ತಿತ್ತು. "ಸಾಕ್ಷಿ ಎಲ್ಲಿ ಅಂತ ಒಂದು ದಿನ ಕೇಳಬಾರದಿತ್ತೇನೇ?"

"ಬಣ್ಣ ಹಾಕಿದ್ದು ನೀವಲ್ವಾ ಅತ್ತಿಗೆ," ಎಂದಳು. ಅದಕ್ಕಿಂತ ಅವಳು ಬೈದಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಪರೀಕ್ಷಕರ ಮುಂದೆ ನಿಂತು, ಮೂರನೇ ಅಧ್ಯಾಯ ತಪ್ಪು, ಬದಲಾದದ್ದು ಕೋಶವಲ್ಲ ಸೀಸೆ ಎಂದು ತಾನೇ ಹೇಳಿದಳು. ಸಾಕ್ಷಿ ಕೇಳದೆ ಇದ್ದದ್ದು ನನ್ನ ತಪ್ಪು ಎಂದಳು. ಹಿಂದಿನ ಸಾಲಿನಲ್ಲಿದ್ದ ನಾನು ಎದ್ದು, ಇಡದೆ ಇದ್ದದ್ದು ನನ್ನ ತಪ್ಪು ಎಂದೆ. ಹಿರಿಯ ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿ, "ಜಗಳ ಮನೆಗೆ ಹೋಗಿ ಆಡ್ಕೊಳ್ಳಿ. ಇಬ್ಬರೂ ಕೂತ್ಕೊಳ್ಳಿ," ಎಂದರು. ಆ ಅಧ್ಯಾಯ ಹೊಸದಾಗಿ ಮಾಡಲು ಒಂದು ವರ್ಷ ಕೊಟ್ಟರು.

ಮರುದಿನ ಬೆಳಿಗ್ಗೆ ಹಾಲು ಕೊಟ್ಟೆ. ಅವಳು ಲೋಟವನ್ನು ಮೂಗಿನ ತನಕ ಎತ್ತಿ, ನನ್ನ ಮುಖ ನೋಡಿ, ಹಾಗೇ ತಡೆದಳು.

"ಮೂಸೇ ತಾಯಿ," ಎಂದೆ. "ನಾನೂ ಮೂಸಿಯೇ ತಂದಿದ್ದೀನಿ."

ಮೂಸಿದಳು. ಕುಡಿದು ಲೋಟ ಕೆಳಗಿಟ್ಟಳು. ನಾನು ಎಣಿಸುತ್ತಿದ್ದೆ, ಅವಳ ಅಣ್ಣ ಕೊಟ್ಟರೂ ಎರಡು ಸಲ ಮೂಸುವವಳು, ನನ್ನದಕ್ಕೆ ಒಂದೇ ಸಲ ಮೂಸಿದಳು.