ಮುಖ ಕಾಣದ ಸಜ್ಜನರು

ನನ್ನದು ಕಾರು, ನಮ್ಮನೆಯಲ್ಲೇ ಇರುವ ಭಾಮೈದನದು ಬೈಕು. ಊಟಕ್ಕೆ ಕೂತರೆ ಹಾವು ಮುಂಗುಸಿಯೇ.

"ನೀವು ಬೈಕಿನವರು ಇಲಿಗಳು ಕಣೋ, ಸಂದಿ ಕಂಡ ಕಡೆ ನುಗ್ತೀರ" ಅಂತ ನಾನು.

"ನೀವು ಕಾರಿನವರು ಎಮ್ಮೆಗಳು ಭಾವ, ರಸ್ತೆ ತುಂಬ ಮಲಗ್ತೀರ" ಅಂತ ಅವನು.

ಮೊನ್ನೆ ನನ್ನ ಕಾರು ರಿಪೇರಿಗೆ ಹೋಗಿ, ಆಫೀಸಿನ ಕಾರು ತಂದಿದ್ದೆ. ಮುಸ್ಸಂಜೆ. ಸೇತುವೆ ಪಕ್ಕದ ಇಕ್ಕಟ್ಟು ತಿರುವಿನಲ್ಲಿ ಒಬ್ಬ ಬೈಕಿನವನು ಎದುರಾದ. ತಲೆಗೆ ಹೊಚ್ಚಹೊಸ ಕೆಂಪು ಹೆಲ್ಮೆಟ್ಟು. ಅವನ ಲೈಟು ನನ್ನ ಕಣ್ಣಿಗೆ, ನನ್ನದು ಅವನ ಕಣ್ಣಿಗೆ. ಯಾವ ಗಳಿಗೆಯಲ್ಲಿದ್ದೆನೋ, ಕಿಟಕಿಯಿಂದ ಕೈ ಚಾಚಿ "ಹೋಗಿ, ಹೋಗಿ" ಅಂತ ಸನ್ನೆ ಮಾಡಿದೆ. ಅವನೋ, ನೀವೇ ಮೊದಲು ಅನ್ನುವಂತೆ ತಲೆಬಾಗಿ ಬೈಕನ್ನೇ ಹಿಂದಕ್ಕೆ ತಳ್ಳಿಕೊಂಡ! ನಾನು ಅವನಿಗೆ ಕೈ ಮುಗಿದು ಮುಂದೆ ಹೋದೆ.

ಮನೆಗೆ ಬಂದವನೇ ಹೆಂಡತಿಗೆ, "ಇವತ್ತೊಬ್ಬ ದೇವರಂಥ ಬೈಕಿನವನು ಸಿಕ್ಕಿದ್ದ ಕಣೇ. ನಿನ್ನ ತಮ್ಮ ಅವನ ಕಾಲು ತೊಳೆದ ನೀರು ಕುಡೀಬೇಕು" ಅಂದೆ.

ಅಷ್ಟರಲ್ಲಿ ಭಾಮೈದ ಒಳಗೆ ಬಂದ. "ಅಕ್ಕಾ, ಸೇತುವೆ ಹತ್ರ ಒಬ್ಬ ಕಾರಿನವನು ನಿಂತು, ನನಗೇ ಹೋಗು ಅಂದ! ಭಾವ ಅಂಥವರನ್ನ ನೋಡಿ ಕಲೀಬೇಕು."

ಅವನ ಕಂಕುಳಲ್ಲಿ ಕೆಂಪು ಹೆಲ್ಮೆಟ್ಟು.

"ಗೊತ್ತಿದ್ದಿದ್ರೆ ದಾರಿ ಬಿಡ್ತಾನೇ ಇರ್ಲಿಲ್ಲ!" ಇಬ್ಬರೂ ಒಟ್ಟಿಗೆ ಕಿರುಚಿದೆವು.

ನನ್ನವಳು ಹೆಲ್ಮೆಟ್ಟು ಕಿತ್ತುಕೊಂಡು ನನ್ನ ಮುಂದೆ ಊಟದ ಮೇಜಿನ ಮೇಲೆ ಕುಕ್ಕಿದಳು.

"ಇನ್ಮೇಲೆ ಊಟಕ್ಕೆ ಇದನ್ನ ಹಾಕ್ಕೊಂಡೇ ಕೂತ್ಕೊಳ್ಳಿ. ಅವನಿಗೂ ಇನ್ನೊಂದು ತರಿಸ್ತೀನಿ. ಮುಖ ಕಾಣದೇ ಇದ್ರೆ ಇಬ್ರೂ ಎಷ್ಟು ಒಳ್ಳೆಯವರು!"